ಜರ್ಮನಿಯಲ್ಲಿ ನರ್ಸ್ ಆಗಿ ದುಡಿಯಲು: ಕರ್ನಾಟಕದ ಪದವಿಗೆ ಅಲ್ಲಿ ಮಾನ್ಯತೆ ಸಿಗುವ ಬಗೆ

ಕರ್ನಾಟಕದ ಕಾಲೇಜೊಂದರಲ್ಲಿ ನಾಲ್ಕು ವರ್ಷ ಓದಿ ಬಿ.ಎಸ್‌ಸಿ. ನರ್ಸಿಂಗ್ ಪದವಿ ಪಡೆದು, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು, ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಐದಾರು ವರ್ಷ ದುಡಿದವರು ಕೂಡ ಜರ್ಮನಿಗೆ ಕಾಲಿಟ್ಟ ದಿನ ಅಲ್ಲಿನ ಕಾನೂನಿನ ಪ್ರಕಾರ ನರ್ಸ್ ಆಗಿರುವುದಿಲ್ಲ. ಅವರು ಕೆಲಸಕ್ಕೆ ಸೇರಬಹುದು, ವಾರ್ಡಿನಲ್ಲಿ ರೋಗಿಗಳ ಆರೈಕೆ ಮಾಡಬಹುದು, ಸಂಬಳವನ್ನೂ ಪಡೆಯಬಹುದು. ಆದರೆ ಆ ದೇಶದ ಪ್ರಾಧಿಕಾರವು ಅವರ ಶಿಕ್ಷಣವನ್ನು ತನ್ನ ಶಿಕ್ಷಣದೊಂದಿಗೆ ಹೋಲಿಸಿ ನೋಡಿ ಅನುಮತಿ ಪತ್ರ ಕೊಡುವವರೆಗೆ ಅವರ ಹುದ್ದೆ ಆರೈಕೆ ಸಹಾಯಕರದ್ದು, ಸಂಬಳವೂ ಅದಕ್ಕೆ ತಕ್ಕದ್ದು. ಈ ಹೋಲಿಕೆಯ ಪ್ರಕ್ರಿಯೆಯನ್ನೇ ಅಲ್ಲಿ ಅನೆರ್ಕೆನ್ನುಂಗ್, ಅಂದರೆ ಮಾನ್ಯತೆ, ಎನ್ನುತ್ತಾರೆ. ಹೊರಡುವ ಮುನ್ನ ಇದನ್ನು ಸರಿಯಾಗಿ ತಿಳಿದುಕೊಂಡವರಿಗೂ, ಏಜೆಂಟರ ಮಾತನ್ನೇ ನಂಬಿ ಹೋದವರಿಗೂ ಎಷ್ಟೋ ಸಲ ಒಂದೆರಡು ವರ್ಷಗಳ ಅಂತರ ಬೀಳುತ್ತದೆ.

ವಿಷಯ ಈಗ ಮುಖ್ಯವಾಗಿರುವುದಕ್ಕೆ ಕಾರಣವಿದೆ. 2022ರ ಡಿಸೆಂಬರ್ 5ರಂದು ಭಾರತ ಮತ್ತು ಜರ್ಮನಿ ವಲಸೆ ಹಾಗೂ ಸಂಚಾರ ಸಹಭಾಗಿತ್ವದ ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಅಕ್ಟೋಬರ್‌ನಲ್ಲಿ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಾಗ, ಕುಶಲ ಕೆಲಸಗಾರರಾದ ಭಾರತೀಯರಿಗೆ ವರ್ಷಕ್ಕೆ ನೀಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಘೋಷಿಸಲಾಯಿತು. ಅಂದಿನಿಂದ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಜರ್ಮನ್ ತರಗತಿಗಳ ಫಲಕಗಳು ಕಾಣಿಸಿಕೊಳ್ಳುತ್ತಿವೆ. ಆದರೆ ವೀಸಾ ಬೇರೆ, ವೃತ್ತಿಯ ಮಾನ್ಯತೆ ಬೇರೆ. ವೀಸಾದ ಸಂಖ್ಯೆ ಹೆಚ್ಚಿತೆಂದು ಮಾನ್ಯತೆಯ ಅಳತೆಗೋಲು ಸಡಿಲವಾಗುವುದಿಲ್ಲ.

ಎಲ್ಲ ವೃತ್ತಿಗಳಿಗೂ ಒಂದೇ ನಿಯಮವಲ್ಲ

ಜರ್ಮನಿಯಲ್ಲಿ ಕೆಲವು ವೃತ್ತಿಗಳು ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿವೆ, ಕೆಲವು ಇಲ್ಲ. ವೈದ್ಯರು, ನರ್ಸ್‌ಗಳು, ಸರ್ಕಾರಿ ಶಾಲೆಯ ಶಿಕ್ಷಕರು, ವಕೀಲರು ಮೊದಲ ಗುಂಪಿಗೆ ಸೇರುತ್ತಾರೆ. ಮಾನ್ಯತೆ ಇಲ್ಲದೆ ಇವರು ಆ ಹೆಸರಿನಲ್ಲಿ ವೃತ್ತಿ ಮಾಡುವಂತಿಲ್ಲ. ಸಾಫ್ಟ್‌ವೇರ್ ಕೆಲಸ ಎರಡನೆಯ ಗುಂಪಿನದು. ಸಾಫ್ಟ್‌ವೇರ್ ಎಂಜಿನಿಯರ್‌ಗೆ ವೃತ್ತಿಯ ಮಾನ್ಯತೆ ಬೇಕಿಲ್ಲ. ತನ್ನ ವಿಶ್ವವಿದ್ಯಾಲಯ ಮತ್ತು ಪದವಿ ಅನಾಬಿನ್ ಎಂಬ ಜರ್ಮನ್ ದತ್ತಾಂಶ ಕೋಶದಲ್ಲಿ ಅಂಗೀಕೃತವೆಂದು ತೋರಿಸಿದರೆ ಸಾಮಾನ್ಯವಾಗಿ ವೀಸಾ ಕಚೇರಿಗೆ ಸಾಕು. ಮೊದಲೇ ಜರ್ಮನಿಗೆ ಹೋದ ಎಂಜಿನಿಯರ್ ಅಣ್ಣ ತನ್ನ ಅನುಭವದ ಮೇಲೆ ನರ್ಸ್ ತಂಗಿಗೆ ಕೊಡುವ ಸಲಹೆ ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಅವನ ದಾರಿಯಲ್ಲಿ ಈ ಘಟ್ಟವೇ ಬಂದಿರುವುದಿಲ್ಲ.

ಬೇರೆ ದೇಶಗಳ ಕ್ರಮವೂ ಇದಕ್ಕಿಂತ ಭಿನ್ನ. ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಹೊರಗಿನಿಂದ ಬಂದವರಿಗೆ ಕಂಪ್ಯೂಟರ್ ಮೇಲಿನ ಒಂದು ಪರೀಕ್ಷೆ, ಅನಂತರ ಪ್ರಾತ್ಯಕ್ಷಿಕೆಯ ಒಂದು ಪರೀಕ್ಷೆ ನಡೆಸುತ್ತದೆ. ಅಮೆರಿಕದಲ್ಲಿ ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ ಇದೆ. ಈ ದೇಶಗಳು ಮುಖ್ಯವಾಗಿ ಕೇಳುವುದು, ನಿಮಗೆ ಈಗ ಏನು ಗೊತ್ತಿದೆ ಎಂದು. ಜರ್ಮನಿ ಮೊದಲು ಕೇಳುವ ಪ್ರಶ್ನೆ, ನೀವು ಏನನ್ನು, ಎಷ್ಟು ಗಂಟೆ ಓದಿದ್ದೀರಿ ಎಂಬುದು. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹೋಲಿಕೆ ನಡೆಯುವ ರೀತಿ

ಹೊರದೇಶದ ವೃತ್ತಿಶಿಕ್ಷಣವನ್ನು ಹೋಲಿಸಿ ನೋಡಿಸಿಕೊಳ್ಳುವ ಹಕ್ಕನ್ನು ಜರ್ಮನಿಯ ಮಾನ್ಯತಾ ಕಾನೂನು 2012ರ ಏಪ್ರಿಲ್ 1ರಿಂದ ವಿಸ್ತಾರವಾಗಿ ಜಾರಿಗೆ ತಂದಿತು. ನರ್ಸಿಂಗ್ ಮಟ್ಟಿಗೆ ಅಳತೆಗೋಲು ಯಾವುದೆಂಬುದನ್ನು 2020ರ ಜನವರಿ 1ರಿಂದ ಜಾರಿಯಲ್ಲಿರುವ ಆರೈಕೆ ವೃತ್ತಿಗಳ ಕಾನೂನು ಹೇಳುತ್ತದೆ. ಅದುವರೆಗೆ ರೋಗಿಗಳ ಆರೈಕೆ, ಮಕ್ಕಳ ಆರೈಕೆ, ವೃದ್ಧರ ಆರೈಕೆ ಎಂದು ಮೂರು ಬೇರೆ ಬೇರೆ ತರಬೇತಿಗಳಿದ್ದವು. ಹೊಸ ಕಾನೂನು ಅವನ್ನು ಒಂದುಗೂಡಿಸಿ ಫ್ಲೇಗೆಫಾಖ್‌ಫ್ರಾವ್ (ಪುರುಷರಾದರೆ ಫ್ಲೇಗೆಫಾಖ್‌ಮಾನ್) ಎಂಬ ಒಂದೇ ವೃತ್ತಿನಾಮವನ್ನು ತಂದಿತು. ಈ ತರಬೇತಿ ಮೂರು ವರ್ಷದ್ದು: ಕನಿಷ್ಠ 2,100 ಗಂಟೆ ತರಗತಿಯ ಪಾಠ, 2,500 ಗಂಟೆ ಪ್ರಾಯೋಗಿಕ ತರಬೇತಿ, ಒಟ್ಟು 4,600 ಗಂಟೆ.

ಬಿ.ಎಸ್‌ಸಿ. ಪದವೀಧರರಿಗೆ ಇಲ್ಲೊಂದು ಅಚ್ಚರಿ ಕಾದಿರುತ್ತದೆ. ಜರ್ಮನಿಯಲ್ಲಿ ನರ್ಸಿಂಗ್ ಎಂದರೆ ಬಹುಮಟ್ಟಿಗೆ ವೃತ್ತಿಶಾಲೆ ಮತ್ತು ಆಸ್ಪತ್ರೆಗಳ ನಡುವೆ ನಡೆಯುವ ತರಬೇತಿ. ವಿಶ್ವವಿದ್ಯಾಲಯದ ಪದವಿ ಅಲ್ಲಿ ಇತ್ತೀಚಿನದು ಮತ್ತು ವಿರಳ. ಹಾಗಾಗಿ ಪದವಿ ದೊಡ್ಡದೆಂಬ ಕಾರಣಕ್ಕೆ ಮಾತ್ರ ಮಾನ್ಯತೆ ದೊರೆಯುವುದಿಲ್ಲ. ಇದೇ ಮಾತು ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಮಾಡಿದವರಿಗೆ ಧೈರ್ಯ ಕೊಡಬೇಕು. ತಮ್ಮದು ಡಿಪ್ಲೊಮಾ ಮಾತ್ರ ಎಂದು ಹಿಂಜರಿಯುವವರು ಬಹಳ ಮಂದಿ ಇದ್ದಾರೆ. ಅಳತೆಗೋಲೇ ಮೂರು ವರ್ಷದ ವೃತ್ತಿ ತರಬೇತಿಯಾಗಿರುವಾಗ ಆ ಹಿಂಜರಿಕೆಗೆ ಆಧಾರವಿಲ್ಲ.

ಇನ್ನು ಗಂಟೆಗಳ ವಿಷಯ. ನಮ್ಮ ಬಿ.ಎಸ್‌ಸಿ. ಕೋರ್ಸಿನ ಒಟ್ಟು ಗಂಟೆಗಳನ್ನು ಕೂಡಿದರೆ ಜರ್ಮನ್ ಮೊತ್ತಕ್ಕೆ ಕಡಿಮೆಯೇನೂ ಆಗುವುದಿಲ್ಲ. ಆದರೂ ಪೂರ್ಣ ಮಾನ್ಯತೆ ಒಂದೇ ಏಟಿಗೆ ಸಿಗುವುದು ಅಪರೂಪ, ಏಕೆಂದರೆ ಪ್ರಾಧಿಕಾರ ಒಟ್ಟು ಮೊತ್ತದ ಜೊತೆಗೆ ಹಂಚಿಕೆಯನ್ನೂ ನೋಡುತ್ತದೆ. ಜರ್ಮನ್ ತರಬೇತಿಯಲ್ಲಿ ಆಸ್ಪತ್ರೆಯ ಒಳರೋಗಿ ವಿಭಾಗದಲ್ಲಿ 400 ಗಂಟೆ, ದೀರ್ಘಕಾಲೀನ ಆರೈಕೆಯ ವೃದ್ಧಾಲಯದಲ್ಲಿ 400 ಗಂಟೆ, ಮನೆಮನೆಗೆ ಹೋಗಿ ಮಾಡುವ ಆರೈಕೆಯಲ್ಲಿ 400 ಗಂಟೆ ಕಡ್ಡಾಯ. ಮಕ್ಕಳ ವಿಭಾಗ ಮತ್ತು ಮನೋರೋಗ ವಿಭಾಗಗಳಿಗೂ ಪ್ರತ್ಯೇಕ ಗಂಟೆಗಳಿವೆ. ನಮ್ಮಲ್ಲಿ ಹೆರಿಗೆ ವಾರ್ಡು, ಸಮುದಾಯ ಆರೋಗ್ಯ, ಪ್ರಾಥಮಿಕ ಆರೋಗ್ಯ ಕೇಂದ್ರದ ಪೋಸ್ಟಿಂಗ್‌ಗಳಿಗೆ ಸಾಕಷ್ಟು ಸಮಯ ಮೀಸಲಾಗಿರುತ್ತದೆ. ಹಳ್ಳಿಗೆ ಹೋಗಿ ಲಸಿಕೆ ಹಾಕಿದ, ಗರ್ಭಿಣಿಯರನ್ನು ತಪಾಸಿಸಿದ ಅನುಭವ ಅಮೂಲ್ಯವೇ. ಆದರೆ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಎಂಬತ್ತೈದರ ವೃದ್ಧೆಯನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವ ತರಬೇತಿಗೆ ಅದು ಬದಲಿಯಾಗದು. ವೃದ್ಧರ ದೀರ್ಘಕಾಲೀನ ಆರೈಕೆಯ ಕಾಲಂನಲ್ಲಿ ನಮ್ಮವರಿಗೆ ಕೊರತೆ ಬೀಳುವುದು ಸಹಜ.

ಹೀಗೆ ಬಿದ್ದ ಕೊರತೆಯನ್ನು ಓದು ಮುಗಿದ ಮೇಲಿನ ಕೆಲಸದ ಅನುಭವದಿಂದ ಭಾಗಶಃ ಅಥವಾ ಪೂರ್ತಿಯಾಗಿ ತುಂಬಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಆ ಅನುಭವ ಕಾಗದದ ಮೇಲೆ ಸ್ಪಷ್ಟವಾಗಿ ಇರಬೇಕು. 'ಇವರು ನಮ್ಮಲ್ಲಿ ಸ್ಟಾಫ್ ನರ್ಸ್ ಆಗಿ ತೃಪ್ತಿಕರವಾಗಿ ಸೇವೆ ಸಲ್ಲಿಸಿದ್ದಾರೆ' ಎಂಬ ಎರಡು ಸಾಲಿನ ಅನುಭವ ಪತ್ರ ಅಲ್ಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ವಿಭಾಗದಲ್ಲಿ, ವಾರಕ್ಕೆ ಎಷ್ಟು ಗಂಟೆ, ಯಾವ ಬಗೆಯ ರೋಗಿಗಳನ್ನು, ಯಾವ ಜವಾಬ್ದಾರಿಯಲ್ಲಿ ನೋಡಿಕೊಂಡರು ಎಂಬ ವಿವರ ಲೆಟರ್‌ಹೆಡ್ಡಿನ ಮೇಲೆ ಸಹಿ, ಮೊಹರುಗಳೊಂದಿಗೆ ಇದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಂಕಪಟ್ಟಿಯ ಕಥೆಯೂ ಇದೇ. ಅದರಲ್ಲಿ ಅಂಕಗಳಿರುತ್ತವೆ, ಗಂಟೆಗಳಿರುವುದಿಲ್ಲ. ವಿಷಯವಾರು ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳನ್ನು ತೋರಿಸುವ ಟ್ರಾನ್ಸ್‌ಕ್ರಿಪ್ಟನ್ನು ಪದವೀಧರರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ತಮ್ಮ ಕಾಲೇಜಿನಿಂದ, ಜಿ.ಎನ್.ಎಂ. ಮಾಡಿದವರು ತಮ್ಮ ಪರೀಕ್ಷಾ ಮಂಡಳಿ ಮತ್ತು ಶಾಲೆಯಿಂದ ಮಾಡಿಸಿಕೊಳ್ಳಬೇಕು. ಓದಿದ ಸಂಸ್ಥೆ ಮುಚ್ಚಿಹೋಗಿದ್ದರೆ ಈ ಒಂದು ಕಾಗದಕ್ಕಾಗಿಯೇ ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಜರ್ಮನ್ ಭಾಷೆಯ ಮೊದಲ ತರಗತಿಗೆ ಸೇರಿದ ವಾರವೇ ಟ್ರಾನ್ಸ್‌ಕ್ರಿಪ್ಟ್‌ಗೂ ಅರ್ಜಿ ಹಾಕುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಭಾಷೆ ಕಲಿಯಲು ಹೇಗೂ ವರ್ಷ ಬೇಕು; ಕಾಗದಕ್ಕೂ ಅಷ್ಟರಲ್ಲಿ ದಾರಿ ಸಿಗುತ್ತದೆ.

ಅರ್ಜಿ ಎಲ್ಲಿಗೆ, ಯಾವ ಕಾಗದಗಳೊಂದಿಗೆ

ಜರ್ಮನಿಯಲ್ಲಿ ನರ್ಸಿಂಗ್ ಕಾನೂನು ಇಡೀ ದೇಶಕ್ಕೆ ಒಂದೇ ಆದರೂ ಅದನ್ನು ಜಾರಿಗೊಳಿಸುವುದು ಹದಿನಾರು ರಾಜ್ಯಗಳು. ಕೆಲಸ ಮಾಡಲಿರುವ ರಾಜ್ಯದ ಪ್ರಾಧಿಕಾರಕ್ಕೇ ಅರ್ಜಿ ಹೋಗಬೇಕು. ಬರ್ಲಿನ್‌ನಲ್ಲಿ ಅದು ಆರೋಗ್ಯ ಮತ್ತು ಸಾಮಾಜಿಕ ವ್ಯವಹಾರಗಳ ರಾಜ್ಯ ಕಚೇರಿ; ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಸ್ಟುಟ್‌ಗಾರ್ಟ್‌ನ ಪ್ರಾದೇಶಿಕ ಆಡಳಿತ ಕಚೇರಿ. ಒಂದು ರಾಜ್ಯ ಕೇಳುವ ಕಾಗದವನ್ನು ಇನ್ನೊಂದು ರಾಜ್ಯ ಕೇಳದೆ ಇರಬಹುದು. ಗೆಳತಿಯ ಕಡತದಲ್ಲಿದ್ದ ಪಟ್ಟಿಯನ್ನೇ ನಕಲು ಮಾಡಿಕೊಳ್ಳುವ ಬದಲು ತಾವು ಹೋಗಲಿರುವ ರಾಜ್ಯದ ಪಟ್ಟಿಯನ್ನು ನೋಡಬೇಕು. ಬಾನ್ ನಗರದಲ್ಲಿ 2020ರಿಂದ ಕೆಲಸ ಮಾಡುತ್ತಿರುವ ವೃತ್ತಿ ಮಾನ್ಯತೆಯ ಕೇಂದ್ರ ಸೇವಾ ಕಚೇರಿ ಹೊರದೇಶದಲ್ಲಿರುವವರಿಗೆಂದೇ ಇರುವಂಥದ್ದು. ಯಾವ ಪ್ರಾಧಿಕಾರ, ಯಾವ ಕಾಗದ ಎಂಬುದನ್ನು ಅದು ಉಚಿತವಾಗಿ ತಿಳಿಸುತ್ತದೆ. ಇಲ್ಲಿ ಸಲಹೆಗೆಂದು ಹಣ ತೆರುವ ಮುನ್ನ ಅಲ್ಲಿಗೊಂದು ಇಮೇಲ್ ಬರೆಯಬೇಕು.

ಸಾಮಾನ್ಯವಾಗಿ ಬೇಕಾಗುವುದು ಪಾಸ್‌ಪೋರ್ಟ್, ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಗಂಟೆಗಳಿರುವ ಟ್ರಾನ್ಸ್‌ಕ್ರಿಪ್ಟ್, ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಅನುಭವ ಪತ್ರಗಳು, ಸಹಿ ಮಾಡಿದ ಜೀವನ ವಿವರ, ಆ ರಾಜ್ಯದಲ್ಲಿ ಕೆಲಸ ಮಾಡಲಿರುವುದಕ್ಕೆ ಪುರಾವೆ. ಜರ್ಮನ್ ಭಾಷಾಂತರವನ್ನು ಪ್ರಮಾಣವಚನ ಸ್ವೀಕರಿಸಿದ ಅಧಿಕೃತ ಭಾಷಾಂತರಕಾರರಿಂದಲೇ ಮಾಡಿಸಬೇಕು. ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷವಾದ ತೊಡಕೊಂದಿದೆ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆಯ ನಂತರದ ಆಧಾರ್‌ನಲ್ಲಿ ಗಂಡನ ಹೆಸರು. ನಮಗೆ ಇದು ದಿನನಿತ್ಯದ ಸಂಗತಿ. ಆದರೆ ಇನಿಷಿಯಲ್ ಪದ್ಧತಿಯೇ ಗೊತ್ತಿಲ್ಲದ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತಾರೆ. ಎಲ್ಲ ಹೆಸರುಗಳೂ ಒಬ್ಬರದ್ದೇ ಎಂಬ ಅಫಿಡವಿಟ್ ಮತ್ತು ವಿವಾಹ ಪ್ರಮಾಣಪತ್ರಗಳನ್ನು ಮೊದಲೇ ಸೇರಿಸಿದರೆ ಆ ಪ್ರಶ್ನೆ ಏಳುವುದಿಲ್ಲ.

ಅಪೊಸ್ಟಿಲ್ (ಒಂದು ದೇಶದ ದಾಖಲೆ ಅಸಲಿ ಎಂದು ಇನ್ನೊಂದು ದೇಶಕ್ಕೆ ದೃಢೀಕರಿಸುವ ಮುದ್ರೆ) ಕುರಿತು ಎಚ್ಚರಿಕೆ ಅಗತ್ಯ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದ ಸದಸ್ಯ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಆ ಒಪ್ಪಂದ ಈ ಎರಡು ದೇಶಗಳ ನಡುವೆ ಅನ್ವಯಿಸಿಲ್ಲ. ಎಲ್ಲ ಪ್ರಮಾಣಪತ್ರಗಳಿಗೂ ಅಪೊಸ್ಟಿಲ್ ಮಾಡಿಸಿಕೊಡುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರು ಎದುರಾದರೆ, ಅದನ್ನು ತಾವು ಹೋಗಲಿರುವ ಜರ್ಮನ್ ರಾಜ್ಯದ ಪ್ರಾಧಿಕಾರ ಲಿಖಿತವಾಗಿ ಕೇಳಿದೆಯೇ ಎಂದು ಮೊದಲು ವಿಚಾರಿಸಬೇಕು.

ಕಡತ ಪೂರ್ತಿಯಾದ ಮೇಲೆ ನಿರ್ಧಾರಕ್ಕೆ ಸಾಧಾರಣವಾಗಿ ಮೂರರಿಂದ ನಾಲ್ಕು ತಿಂಗಳ ಕಾಲಮಿತಿ ಇದೆ. 'ಪೂರ್ತಿಯಾದ ಮೇಲೆ' ಎಂಬುದನ್ನು ಗಮನಿಸಬೇಕು. ಒಂದು ಕಾಗದ ಕಡಿಮೆ ಇದ್ದರೂ ದಿನಗಳ ಲೆಕ್ಕ ಶುರುವಾಗುವುದಿಲ್ಲ. ನೌಕರಿ ಕೊಡುವ ಸಂಸ್ಥೆ 411 ಯೂರೋ ಶುಲ್ಕ ಕಟ್ಟಿ ತ್ವರಿತ ವಿಧಾನದಲ್ಲಿ ಅರ್ಜಿ ಹಾಕಿದರೆ ಮಾನ್ಯತೆಯ ನಿರ್ಧಾರ ಎರಡು ತಿಂಗಳೊಳಗೆ ಬರಬೇಕು, ವೀಸಾದ ಭೇಟಿಯ ದಿನವೂ ಬೇಗ ಸಿಗುತ್ತದೆ. ಸಂದರ್ಶನದಲ್ಲೇ ಈ ಬಗ್ಗೆ ಕೇಳಿಬಿಡುವುದರಲ್ಲಿ ಸಂಕೋಚ ಬೇಡ.

ಕೊರತೆಯ ಪತ್ರ ಬಂದಾಗ

ಹೆಚ್ಚಿನವರಿಗೆ ಬರುವ ಉತ್ತರವನ್ನು ನಮ್ಮ ನರ್ಸ್‌ಗಳು ಡೆಫಿಸಿಟ್ ನೋಟಿಸ್ ಎಂದು ಕರೆಯುತ್ತಾರೆ. ಪುಟಗಟ್ಟಲೆ ಇರುವ ಈ ಆದೇಶದಲ್ಲಿ ಯಾವ ವಿಷಯದಲ್ಲಿ, ಯಾವ ಪ್ರಾಯೋಗಿಕ ಕ್ಷೇತ್ರದಲ್ಲಿ ಗಣನೀಯ ವ್ಯತ್ಯಾಸ ಕಂಡಿದೆ ಎಂಬುದನ್ನು ಬರೆದಿರುತ್ತಾರೆ. ಮನೆಯವರು ಇದನ್ನು ತಿರಸ್ಕಾರವೆಂದು ತಿಳಿದು ಕಂಗಾಲಾಗುವುದುಂಟು. ಇದು ತಿರಸ್ಕಾರವಲ್ಲ. ಮಾನ್ಯತೆಗೆ ಬಾಕಿ ಉಳಿದಿರುವುದೇನು ಎಂಬ ಪಟ್ಟಿ ಇದು, ವೀಸಾಕ್ಕೆ ಆಧಾರವಾಗುವ ದಾಖಲೆಯೂ ಹೌದು. ಇದನ್ನು ಹಿಡಿದೇ, ಮಾನ್ಯತೆಯ ಬಾಕಿ ಭಾಗವನ್ನು ಜರ್ಮನಿಯಲ್ಲಿ ಪೂರೈಸುವ ಸಲುವಾಗಿ ವೀಸಾ ಪಡೆದು ಹೋಗುವುದು ವಾಡಿಕೆ.

ಬಾಕಿಯನ್ನು ತೀರಿಸಲು ಎರಡು ದಾರಿಗಳಿವೆ, ಆಯ್ಕೆ ಅರ್ಜಿದಾರರದ್ದು. ಒಂದು, ಹೊಂದಾಣಿಕೆ ಕೋರ್ಸು: ನಿಗದಿತ ಅವಧಿಗೆ ತರಗತಿ ಮತ್ತು ವಾರ್ಡುಗಳಲ್ಲಿ ತರಬೇತಿ ಪಡೆದು ಕೊನೆಯಲ್ಲಿ ಒಂದು ಸಂವಾದಕ್ಕೆ ಕೂರುವುದು. ಎಷ್ಟು ಕಾಲ ಎಂಬುದು ಕೊರತೆಯ ಪ್ರಮಾಣವನ್ನು ಅವಲಂಬಿಸುತ್ತದೆ. ಇನ್ನೊಂದು, ಕೆನ್ಟ್‌ನಿಸ್‌ಪ್ರೂಫುಂಗ್ ಎಂಬ ಜ್ಞಾನಪರೀಕ್ಷೆ: ಮೌಖಿಕ ಭಾಗ, ಪ್ರಾಯೋಗಿಕ ಭಾಗ ಎರಡೂ ಇರುತ್ತವೆ, ಒಂದರಲ್ಲಿ ಅನುತ್ತೀರ್ಣರಾದರೆ ಅದಕ್ಕೆ ಮತ್ತೆ ಕೂರಲು ಅವಕಾಶ ಒಂದೇ ಸಲ. 2024ರಿಂದ ಇನ್ನೂ ಒಂದು ಅನುಕೂಲವಿದೆ: ವಿವರವಾದ ಗಂಟೆ ಹೋಲಿಕೆಯೇ ಬೇಡವೆಂದು ಬರೆದುಕೊಟ್ಟು ನೇರವಾಗಿ ಈ ಎರಡರಲ್ಲಿ ಒಂದಕ್ಕೆ ಹೋಗಬಹುದು. ಅನುಭವ ಕಡಿಮೆ ಇರುವವರಿಗೆ, ಟ್ರಾನ್ಸ್‌ಕ್ರಿಪ್ಟ್ ಸಿಗದೆ ಅಲೆಯುತ್ತಿರುವವರಿಗೆ ಇದು ಸಮಯ ಉಳಿಸುತ್ತದೆ. ಹತ್ತು ವರ್ಷದ ಅನುಭವವನ್ನು ಲೆಕ್ಕಕ್ಕೆ ತರಿಸಬಲ್ಲವರು ಬಿಟ್ಟುಕೊಡುವ ಮುನ್ನ ಯೋಚಿಸಬೇಕು.

ಪ್ರಾಯೋಗಿಕ ಪರೀಕ್ಷೆ ನಮ್ಮವರಿಗೆ ಏಕೆ ಕಷ್ಟವೆನಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು ಬಹಳಷ್ಟು ಸಲ ಜೊತೆಗಿರುವ ಮನೆಯವರ ಅಥವಾ ಆಯಾಗಳ ಪಾಲಿಗೆ ಬರುತ್ತದೆ. ನರ್ಸ್‌ಗಳು ಐವಿ ಲೈನ್ ಹಾಕುವುದು, ಇಂಜೆಕ್ಷನ್ ಕೊಡುವುದು, ವೆಂಟಿಲೇಟರ್ ನೋಡಿಕೊಳ್ಳುವುದು ಮುಂತಾದ ಕೆಲಸಗಳಲ್ಲಿ ಪಳಗಿರುತ್ತಾರೆ. ಜರ್ಮನಿಯ ವಾರ್ಡಿನಲ್ಲಿ ರೋಗಿಯ ಬಳಿ ಮನೆಯವರು ಉಳಿಯುವುದಿಲ್ಲ. ಬೆಳಗಿನ ಪಾಳಿಯಲ್ಲಿ ಬಾಗಿಲು ತಟ್ಟಿ ಒಳಗೆ ಹೋಗಿ, ಹೆಸರು ಹೇಳಿ ಪರಿಚಯಿಸಿಕೊಂಡು, ಕೈಗೆ ಸೋಂಕುನಿವಾರಕ ಹಚ್ಚಿ, ಈಗ ಏನು ಮಾಡಲಿದ್ದೇನೆಂದು ವಿವರಿಸಿ ಒಪ್ಪಿಗೆ ಪಡೆದು, ಪರದೆ ಎಳೆದು, ಮೈ ತೊಳೆಸುವಾಗಲೇ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿದೆಯೇ ಎಂದು ಪರೀಕ್ಷಿಸಿ, ರೋಗಿ ತಾನೇ ಮಾಡಿಕೊಳ್ಳಬಲ್ಲದ್ದನ್ನು ಅವರ ಕೈಯಿಂದಲೇ ಮಾಡಿಸಿ, ಆಮೇಲೆ ಕಂಡದ್ದನ್ನೆಲ್ಲ ಬರೆದಿಟ್ಟು ಮುಂದಿನ ಪಾಳಿಯವರಿಗೆ ಬಾಯಲ್ಲಿ ವರದಿ ಒಪ್ಪಿಸುವ ಇಡೀ ಸರಣಿಯನ್ನು ಪರೀಕ್ಷಕರು ಗಮನಿಸುತ್ತಾರೆ. ಈ ಆರೈಕೆಯ ಅಗತ್ಯವನ್ನು ಅಂದಾಜಿಸುವುದು, ಯೋಜಿಸುವುದು, ಫಲ ಕೊಟ್ಟಿತೇ ಎಂದು ತೂಗುವುದು ಅಲ್ಲಿನ ಕಾನೂನು ನರ್ಸ್‌ಗಳಿಗಷ್ಟೇ ಮೀಸಲಿಟ್ಟ ಕೆಲಸ. ವೈದ್ಯರೂ ಅದನ್ನು ಮಾಡುವಂತಿಲ್ಲ. ಮೈ ತೊಳೆಸುವುದು ಕೀಳು ಕೆಲಸವೆಂಬ ಭಾವನೆ ಹೊತ್ತು ಹೋದವರು ಈ ಪರೀಕ್ಷೆಯಲ್ಲೂ ಸೋಲುತ್ತಾರೆ, ವಾರ್ಡಿನಲ್ಲೂ ಬೇಸರಪಡುತ್ತಾರೆ. ಆ ವೃತ್ತಿಯ ಗೌರವ ಅಲ್ಲಿ ಈ ಕೆಲಸದ ಮೇಲೆಯೇ ನಿಂತಿದೆ.

ಭಾಷೆ

ಮಾನ್ಯತೆಯ ಅಂತಿಮ ಪತ್ರಕ್ಕೆ ಸಾಮಾನ್ಯವಾಗಿ ಬಿ2 ಮಟ್ಟದ (ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಭಾಷಾ ಹಂತಗಳಲ್ಲಿ ನಾಲ್ಕನೆಯದು) ಜರ್ಮನ್ ಬೇಕು. ಗಯಟೆ ಅಥವಾ ಟೆಲ್ಕ್‌ನಂಥ ಸಂಸ್ಥೆಗಳ ಪ್ರಮಾಣಪತ್ರಗಳನ್ನು ಒಪ್ಪುತ್ತಾರೆ. 2024ರ ಮಾರ್ಚ್ 1ರಿಂದ ಮಾನ್ಯತಾ ಸಹಭಾಗಿತ್ವ ಎಂಬ ಹೊಸ ವ್ಯವಸ್ಥೆ ಬಂದಿದೆ. ಅದರಲ್ಲಿ ಎ2 ಮಟ್ಟದ ಭಾಷೆ, ನೌಕರಿಯ ಒಪ್ಪಂದ ಮತ್ತು ಕನಿಷ್ಠ ಎರಡು ವರ್ಷದ, ನಮ್ಮ ದೇಶದಲ್ಲಿ ಅಂಗೀಕೃತವಾದ ಶಿಕ್ಷಣ ಇದ್ದರೆ ಮೊದಲು ಹೋಗಿ, ಮಾನ್ಯತೆಯ ಅರ್ಜಿಯನ್ನು ಅಲ್ಲಿಂದಲೇ ಹಾಕಿಕೊಳ್ಳಬಹುದು. ಕಾನೂನು ಅವಕಾಶ ಕೊಟ್ಟಿದ್ದರೂ ಎ2ರಲ್ಲೇ ಹೊರಡುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ವಾರ್ಡಿನಲ್ಲಿ ಪ್ರಾದೇಶಿಕ ನುಡಿಯಲ್ಲಿ ಗೊಣಗುವ ವೃದ್ಧರ ನೋವು ಎಲ್ಲಿದೆಯೆಂದು ತಿಳಿಯದ ನರ್ಸ್ ಪಾಳಿಗೆ ಹೊರೆಯಾಗುತ್ತಾರೆ. ದಣಿದು ಬಂದು ರಾತ್ರಿ ವ್ಯಾಕರಣ ಓದುವವರು ಸಹಾಯಕರ ಸಂಬಳದಲ್ಲೇ ವರ್ಷಗಳನ್ನು ಕಳೆಯುವ ಅಪಾಯವೂ ಇದೆ. ಊರಿನಲ್ಲೇ ಬಿ1 ಮುಗಿಸಿ, ಸಾಧ್ಯವಾದರೆ ಬಿ2 ತಲುಪಿ ಹೊರಟರೆ ಮುಂದಿನ ಹಾದಿ ಅರ್ಧ ಸವೆದಂತೆ.

ಹಣ ಮತ್ತು ಕರಾರು

ಭಾರತದ ವಲಸೆ ಕಾನೂನಿನ ಪ್ರಕಾರ ನೋಂದಾಯಿತ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರು ಕಾನೂನಿನ ಹೊರಗಿದ್ದಾರೆ. ಏಜೆಂಟರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ, ಅಲ್ಲಿಯೂ ವಿಚಾರಿಸಬಹುದು. ಜರ್ಮನಿಯ ಕಡೆಯಿಂದ, ಆರೈಕೆ ವೃತ್ತಿಗೆ ನ್ಯಾಯಯುತವಾಗಿ ನೇಮಕ ಮಾಡುವ ಸಂಸ್ಥೆಗಳಿಗೆ ಸರ್ಕಾರಿ ಗುಣಮುದ್ರೆ ಕೊಡುವ ಪದ್ಧತಿ ಇದೆ. ಆ ಮುದ್ರೆ ಪಡೆದವರು ನೇಮಕಾತಿಯ ಖರ್ಚನ್ನು ಅಭ್ಯರ್ಥಿಯ ಮೇಲೆ ಹೇರುವಂತಿಲ್ಲ.

ಕರಾರಿನಲ್ಲಿ ಎರಡು ಸಾಲುಗಳನ್ನು ಹುಡುಕಿ ಓದಬೇಕು. ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಇಷ್ಟು ಸಾವಿರ ಯೂರೋ ಹಿಂದಿರುಗಿಸಬೇಕು ಎಂಬ ಷರತ್ತು ಒಂದು. ಮಾನ್ಯತೆ ಸಿಕ್ಕ ದಿನದಿಂದಲೇ ನರ್ಸ್‌ಗಳ ಸಂಬಳ ಶ್ರೇಣಿಗೆ ಏರಿಸಲಾಗುತ್ತದೆಯೇ ಎಂಬುದು ಇನ್ನೊಂದು. ಮೂಲ ಪ್ರಮಾಣಪತ್ರಗಳನ್ನು ಯಾವ ಮಧ್ಯವರ್ತಿಯ ಕೈಯಲ್ಲೂ ಬಿಡಬಾರದು.

ಪರೀಕ್ಷೆ ಅಥವಾ ಕೋರ್ಸು ಮುಗಿದ ಮೇಲೂ ಅನುಮತಿ ಪತ್ರ ತಾನಾಗಿ ಮನೆಗೆ ಬರುವುದಿಲ್ಲ. ಬಿ2 ಪ್ರಮಾಣಪತ್ರ, ವೈದ್ಯರ ಆರೋಗ್ಯ ಪ್ರಮಾಣಪತ್ರ, ಪೊಲೀಸ್ ದಾಖಲೆಯ ಪ್ರಮಾಣಪತ್ರಗಳೊಂದಿಗೆ ಉರ್‌ಕುಂಡೆ ಎನ್ನುವ ಈ ಪತ್ರಕ್ಕಾಗಿ ಅದೇ ಪ್ರಾಧಿಕಾರವನ್ನು ಕೇಳಬೇಕು. ಒಮ್ಮೆ ಕೈಗೆ ಬಂದರೆ ಅದು ಹದಿನಾರೂ ರಾಜ್ಯಗಳಲ್ಲಿ ಸಲ್ಲುತ್ತದೆ. ಅದನ್ನು ತೋರಿಸಿ ವಾಸದ ಪರವಾನಗಿಯನ್ನು ಕುಶಲ ವೃತ್ತಿಪರರ ವರ್ಗಕ್ಕೆ ಬದಲಾಯಿಸಿಕೊಳ್ಳಬೇಕು. 2023ರ ನವೆಂಬರ್‌ನ ತಿದ್ದುಪಡಿಯ ನಂತರ, ಆ ವರ್ಗದ ಪರವಾನಗಿಯಲ್ಲಿ ಮೂರು ವರ್ಷ ಕಳೆದು ಪಿಂಚಣಿ ವಂತಿಗೆ ಮುಂತಾದ ಷರತ್ತುಗಳನ್ನು ಪೂರೈಸಿದವರು ಶಾಶ್ವತ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಮೊದಲು ನಾಲ್ಕು ವರ್ಷ ಬೇಕಾಗಿತ್ತು.